ಗುಜರಿಗೆ ಹಾಕುವ ಮುನ್ನ: ಹಳೆ ಎಸ್‌ಎಂಪಿಎಸ್‌ಗೆ ಹೊಸ ಕೆಲಸ

ಡೆಸ್ಕ್‌ಟಾಪ್ ಕಂಪ್ಯೂಟರ್ ಹಳತಾಯಿತೆಂದು ಮೂಲೆಗೆ ಸರಿಸುವಾಗ ಅದರ ಎಲ್ಲ ಭಾಗಗಳೂ ಒಟ್ಟಿಗೇ ಹಳತಾಗಿರುವುದಿಲ್ಲ. ಪ್ರೊಸೆಸರ್ ನಿಧಾನವಾಗಿರುತ್ತದೆ, ಮೆಮೊರಿ ಸಾಲದಾಗಿರುತ್ತದೆ, ಹೊಸ ತಂತ್ರಾಂಶ ಅದರಲ್ಲಿ ಓಡುವುದಿಲ್ಲ. ಆದರೆ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಫ್ಯಾನು ಹೊತ್ತು ಕೂತಿರುವ ತಗಡಿನ ಡಬ್ಬಿಗೆ ತಂತ್ರಾಂಶದ ಹಂಗಿಲ್ಲ. ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳ ಡಿಸಿ ಆಗಿ ಬದಲಿಸಿ ಕೊಡುವುದಷ್ಟೇ ಅದರ ಕೆಲಸ. ಇಪ್ಪತ್ತು ವರ್ಷದ ಹಿಂದಿನ 12 ವೋಲ್ಟಿಗೂ ಇವತ್ತಿನ 12 ವೋಲ್ಟಿಗೂ ವ್ಯತ್ಯಾಸವಿಲ್ಲ.

ಪುಸ್ತಕದಲ್ಲಿ ಇದರ ಹೆಸರು ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಿಂದ ಹಿಡಿದು ತಾಲ್ಲೂಕು ಕೇಂದ್ರದ ರಿಪೇರಿಯವರವರೆಗೆ ಎಲ್ಲರೂ ಹೇಳುವುದು ಎಸ್‌ಎಂಪಿಎಸ್ ಎಂದೇ. ಎಲೆಕ್ಟ್ರಾನಿಕ್ಸ್ ಕಲಿಯುವವರ ಮೇಜಿಗೆ ಬೇಕಾಗುವುದು ಹೆಚ್ಚುಕಡಿಮೆ ಇದು ಕೊಡುವ ವೋಲ್ಟೇಜುಗಳೇ. ಆರ್ಡುಯಿನೊ ಬೋರ್ಡಿಗೆ 5, ಹೊಸ ಸೆನ್ಸರುಗಳಿಗೆ 3.3, ಮೋಟರು, ರಿಲೇ, ಎಲ್‌ಇಡಿ ಪಟ್ಟಿಗಳಿಗೆ 12. ಇವನ್ನು ಕೊಡುವ ಹೊಸ ಲ್ಯಾಬ್ ಪವರ್ ಸಪ್ಲೈಗೆ ಕೆಲವು ಸಾವಿರ ರೂಪಾಯಿ ತೆರಬೇಕು. ಕೆಟ್ಟಿರದ ಹಳೆ ಎಸ್‌ಎಂಪಿಎಸ್ ಇದ್ದರೆ ಆ ಖರ್ಚಿನ ಬಹುಪಾಲು ಉಳಿಯುತ್ತದೆ.

ಆದರೆ ಈ ಡಬ್ಬಿ ಹುಟ್ಟಿದ್ದು ಮದರ್‌ಬೋರ್ಡಿನ ಸೇವೆಗೆ. ಅದನ್ನು ಚಾಲೂ ಮಾಡುವುದು, ಅದರಿಂದ ಸದಾ ಒಂದಿಷ್ಟು ಕರೆಂಟು ಎಳೆಯುತ್ತಿರುವುದು, ವೋಲ್ಟೇಜು ಸರಿಯಾಯಿತೆಂಬ ಸೂಚನೆಗೆ ಕಾಯುವುದು, ಶಾರ್ಟ್ ಆಗದಂತೆ ಎಲ್ಲವನ್ನೂ ಗಟ್ಟಿಯಾದ ಕನೆಕ್ಟರಿನಲ್ಲಿ ಹಿಡಿದಿಡುವುದು, ಇವೆಲ್ಲ ಕಂಪ್ಯೂಟರಿನೊಳಗೆ ತಾವಾಗಿ ನಡೆಯುತ್ತಿದ್ದವು. ಡಬ್ಬಿಯನ್ನು ಹೊರತೆಗೆದ ಮೇಲೆ ಮದರ್‌ಬೋರ್ಡು ಮಾಡುತ್ತಿದ್ದ ಈ ಕೆಲಸಗಳೆಲ್ಲ ನಮ್ಮ ಪಾಲಿಗೆ ಬರುತ್ತವೆ. ಹಳೆ ಎಸ್‌ಎಂಪಿಎಸ್ ಬಳಸುವ ವಿದ್ಯೆಯೆಲ್ಲ ಇಷ್ಟೇ. ಇದು ಅರ್ಥವಾದರೆ ಯಾವ ವೈರನ್ನು ಎಲ್ಲಿಗೆ ಸೇರಿಸಬೇಕೆಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಡಬ್ಬಿ ಇಷ್ಟು ಹಗುರ ಯಾಕೆ?

ಹಳೆಯ ರೇಡಿಯೊ, ಆಂಪ್ಲಿಫೈಯರುಗಳನ್ನು ಎತ್ತಿದವರಿಗೆ ಅವುಗಳೊಳಗಿನ ಟ್ರಾನ್ಸ್‌ಫಾರ್ಮರಿನ ಭಾರ ಗೊತ್ತು. 300 ವ್ಯಾಟ್ ಕೊಡಬಲ್ಲ ಅಂಥ ಟ್ರಾನ್ಸ್‌ಫಾರ್ಮರು ಹಲವು ಕಿಲೋ ತೂಗುತ್ತದೆ. ಅಷ್ಟೇ ಶಕ್ತಿಯ ಎಸ್‌ಎಂಪಿಎಸ್ ಅನ್ನು ಒಂದೇ ಕೈಯಲ್ಲಿ ಸಲೀಸಾಗಿ ಎತ್ತಬಹುದು. ಇದಕ್ಕೆ ಕಾರಣ ಆವರ್ತನ.

ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಟ್ರಾನ್ಸ್‌ಫಾರ್ಮರಿನ ತಿರುಳು ಪ್ರತಿ ಆವರ್ತನದಲ್ಲಿ ಒಂದಿಷ್ಟು ಶಕ್ತಿಯನ್ನು ಈ ಸುರುಳಿಯಿಂದ ಆ ಸುರುಳಿಗೆ ದಾಟಿಸುತ್ತದೆ. ಹಂಡೆ ತುಂಬಿಸಲು ದೊಡ್ಡ ಕೊಡದಲ್ಲಿ ನಾಲ್ಕು ಸಲ ಹೊರಬಹುದು, ಚೊಂಬಿನಲ್ಲಿ ನೂರು ಸಲ ಓಡಾಡಿಯೂ ತುಂಬಿಸಬಹುದು. ಓಡಾಟ ಸಾಕಷ್ಟು ವೇಗವಾಗಿದ್ದರೆ ಚೊಂಬೇ ಸಾಕು. ಎಸ್‌ಎಂಪಿಎಸ್ ಆರಿಸಿಕೊಂಡಿರುವುದು ಈ ಎರಡನೆಯ ದಾರಿ. ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆವರ್ತಿಸುವುದರಿಂದ ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಫೆರೈಟ್ ತಿರುಳೇ ನೂರಾರು ವ್ಯಾಟನ್ನು ದಾಟಿಸುತ್ತದೆ.

ಅಷ್ಟು ವೇಗ ಬರಬೇಕಾದರೆ ಮೊದಲು ಎಸಿಯನ್ನು ಡಿಸಿ ಮಾಡಿಕೊಳ್ಳಬೇಕು. 230 ವೋಲ್ಟ್ ಎಸಿಯ ಶಿಖರ ಸುಮಾರು 325 ವೋಲ್ಟ್. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ದೊಡ್ಡ ಕೆಪಾಸಿಟರುಗಳು ಆ ಮಟ್ಟದಲ್ಲಿ ಹಿಡಿದಿಡುತ್ತವೆ. ಆ ಡಿಸಿಯನ್ನು ಟ್ರಾನ್ಸಿಸ್ಟರುಗಳು ಅತಿ ವೇಗದಲ್ಲಿ ಆನ್-ಆಫ್ ಮಾಡಿ ಫೆರೈಟ್ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ. ಅದರ ಆಚೆ ಬದಿಯಲ್ಲಿ ಬರುವ ಕಡಿಮೆ ವೋಲ್ಟೇಜನ್ನು ಮತ್ತೆ ಡಯೋಡು, ಕಾಯಿಲು, ಕೆಪಾಸಿಟರುಗಳು ಸಮತಟ್ಟಾದ ಡಿಸಿಯಾಗಿ ಮಾಡುತ್ತವೆ. ಹೊರಬರುವ ವೋಲ್ಟೇಜು ಕುಸಿದರೆ ನಿಯಂತ್ರಕ ಚಿಪ್ಪು ಟ್ರಾನ್ಸಿಸ್ಟರುಗಳ ಆನ್ ಹೊತ್ತನ್ನು ಹಿಗ್ಗಿಸುತ್ತದೆ, ಏರಿದರೆ ಕುಗ್ಗಿಸುತ್ತದೆ. ಟ್ರಾನ್ಸಿಸ್ಟರು ಪೂರ್ತಿ ಆನ್ ಅಥವಾ ಪೂರ್ತಿ ಆಫ್ ಇರುವುದರಿಂದ ಅದರಲ್ಲಿ ಶಾಖವಾಗಿ ಹೋಗುವ ಶಕ್ತಿ ಕಡಿಮೆ.

ದುಬಾರಿ ಉಪಕರಣಗಳಲ್ಲಿದ್ದ ಈ ತಂತ್ರ 1970ರ ದಶಕದಲ್ಲಿ ಕಂಪ್ಯೂಟರುಗಳಿಗೆ ಇಳಿದು ಬಂತು. 1977ರ ಆಪಲ್-2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಇಂಥದೊಂದು ಪವರ್ ಸಪ್ಲೈ ರೂಪಿಸಿದರು. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು 63.5 ವ್ಯಾಟಿನದು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮಾನಕ ತಂದಿತು. ಡಬ್ಬಿಯ ಅಳತೆ, ಕನೆಕ್ಟರು, ವೈರಿನ ಬಣ್ಣ ಎಲ್ಲಕ್ಕೂ ಒಂದೇ ನಿಯಮ ಬಂದದ್ದು ಆಗ. ಯಾವುದೋ ಊರಿನ ಯಾವುದೋ ಕಂಪನಿಯ ಡಬ್ಬಿಯನ್ನು ನಾವು ಬಣ್ಣ ನೋಡಿಯೇ ಗುರುತಿಸಬಲ್ಲೆವೆಂದರೆ ಅದು ಈ ಮಾನಕದ ಉಪಕಾರ.

ಬಣ್ಣಗಳ ಲೆಕ್ಕ

ಕಪ್ಪು ವೈರುಗಳೆಲ್ಲ ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್. ಹಳದಿ 12, ಕೆಂಪು 5, ಕಿತ್ತಳೆ 3.3 ವೋಲ್ಟ್. ನೀಲಿಯಲ್ಲಿ ಮೈನಸ್ 12 ವೋಲ್ಟ್ ಸಿಗುತ್ತದೆ, ಆದರೆ ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುವಂತಿಲ್ಲ. ತೀರ ಹಳೆಯವುಗಳಲ್ಲಿ ಮೈನಸ್ 5 ವೋಲ್ಟಿನ ಬಿಳಿ ವೈರೂ ಇರುತ್ತಿತ್ತು, ಆಮೇಲೆ ಅದನ್ನು ಕೈಬಿಟ್ಟರು.

ಉಳಿದ ಮೂರು ಬಣ್ಣಗಳು ಮದರ್‌ಬೋರ್ಡಿನ ಜೊತೆ ಮಾತಾಡಲು ಇರುವಂಥವು. ನೇರಳೆ ವೈರಿನಲ್ಲಿ 5 ವೋಲ್ಟ್ ಸದಾ ಇರುತ್ತದೆ. ಕಂಪ್ಯೂಟರು ಮಲಗಿದ್ದಾಗಲೂ ಅದರ ಒಂದು ಸಣ್ಣ ಭಾಗ ಎಚ್ಚರವಾಗಿದ್ದು ಪವರ್ ಬಟನ್ ಒತ್ತಿದ್ದನ್ನು ಗಮನಿಸಬೇಕಲ್ಲ, ಅದಕ್ಕೆ ಬೇಕಾದ ಕರೆಂಟು ಇದು. ಹಸಿರು ವೈರು ಚಾಲೂ ಮಾಡುವ ಆಜ್ಞೆ. ಅದನ್ನು ಯಾವುದಾದರೂ ಕಪ್ಪು ವೈರಿಗೆ ಮುಟ್ಟಿಸಿದರೆ ಡಬ್ಬಿ ಎದ್ದು ಕೂರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೂದು ವೈರು ಡಬ್ಬಿ ಕೊಡುವ ಉತ್ತರ. ಎಲ್ಲ ವೋಲ್ಟೇಜುಗಳೂ ನೆಲೆಗೊಂಡು ಸೆಕೆಂಡಿನ ಹತ್ತನೇ ಒಂದರಿಂದ ಅರ್ಧ ಭಾಗ ಕಳೆದ ಮೇಲೆ ಅದರಲ್ಲಿ ಸುಮಾರು 5 ವೋಲ್ಟ್ ಬರುತ್ತದೆ.

ಹೊಸ ಮಾದರಿಗಳಲ್ಲಿ ಎಲ್ಲ ವೈರುಗಳೂ ಕಪ್ಪಗಿರುವುದುಂಟು. ಆಗ ಪಿನ್ನಿನ ಸಂಖ್ಯೆಯೇ ದಾರಿ. 24 ಪಿನ್ನಿನ ಕನೆಕ್ಟರಿನಲ್ಲಿ ಚಾಲೂ ಆಜ್ಞೆ 16ನೆಯದು, 20 ಪಿನ್ನಿನದರಲ್ಲಿ 14ನೆಯದು. ಕೆಲವು ಹಳೆಯ ಬ್ರ್ಯಾಂಡೆಡ್ ಕಂಪ್ಯೂಟರುಗಳಲ್ಲಿ ಕನೆಕ್ಟರು ಇದೇ ಆಕಾರದಲ್ಲಿದ್ದರೂ ಪಿನ್ನುಗಳ ಕ್ರಮ ಬೇರೆ. ಆದ್ದರಿಂದ ಬಣ್ಣವನ್ನಾಗಲಿ ಸಂಖ್ಯೆಯನ್ನಾಗಲಿ ನಂಬಿ ಸುಮ್ಮನಾಗದೆ ಪ್ರತಿ ವೈರನ್ನೂ ಮಲ್ಟಿಮೀಟರಿನಲ್ಲಿ ಅಳೆದು ನೋಡಬೇಕು.

ಮೊದಲ ಪರೀಕ್ಷೆ

ಡಬ್ಬಿಯ ಮೈಮೇಲಿನ ಚೀಟಿ ಓದುವುದರಿಂದ ಶುರುಮಾಡೋಣ. ಯಾವ ವೋಲ್ಟೇಜಿನಲ್ಲಿ ಎಷ್ಟು ಆಂಪಿಯರ್ ಎಂದು ಅದರಲ್ಲಿ ಪ್ರತ್ಯೇಕವಾಗಿ ಬರೆದಿರುತ್ತದೆ. ಆಮೇಲೆ ಟಾರ್ಚು ಹಿಡಿದು ಜಾಲರಿಯೊಳಗೆ ಇಣುಕಬೇಕು. ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ, ಕಂದು ಬಣ್ಣದ ಅಂಟು ಒಸರಿದ್ದರೆ ಅಥವಾ ಸುಟ್ಟ ವಾಸನೆಯಿದ್ದರೆ ಆ ಡಬ್ಬಿಯ ಆಸೆ ಬಿಡುವುದು ಒಳ್ಳೆಯದು. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗೆ ದ್ರವವಿದೆ, ಅದು ಕಾಲಕ್ರಮದಲ್ಲಿ ಒಣಗುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು. ದೂಳು ಕಟ್ಟಿ ಫ್ಯಾನು ನಿಂತ ಡಬ್ಬಿಗಳು ಬೇಗ ಸಾಯುವುದು ಇದರಿಂದಲೇ.

ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚಿದ್ದರೆ ಅದು 230ರಲ್ಲೇ ಇರಬೇಕು. 115ರಲ್ಲಿದ್ದಾಗ ಒಳಗಿನ ಸರ್ಕ್ಯೂಟು ವೋಲ್ಟೇಜನ್ನು ಎರಡು ಪಟ್ಟು ಮಾಡುತ್ತದೆ. ನಮ್ಮ ಸಾಕೆಟ್ಟಿಗೆ ಅದನ್ನು ಹಾಗೇ ಚುಚ್ಚಿದರೆ ತಲಾ 200 ವೋಲ್ಟ್ ತಾಳುವ ಎರಡು ಕೆಪಾಸಿಟರುಗಳ ಮೇಲೆ ಒಟ್ಟು 650 ವೋಲ್ಟ್ ಬೀಳುತ್ತದೆ. ದೊಡ್ಡ ಸದ್ದಿನೊಂದಿಗೆ ಅವು ಒಡೆಯುತ್ತವೆ.

ಇಷ್ಟು ನೋಡಿದ ಮೇಲೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೆ ಸೇರಿಸಿ, ಮೊದಲು ನೇರಳೆ ವೈರಿನಲ್ಲಿ 5 ವೋಲ್ಟ್ ಇದೆಯೇ ಅಳೆಯಬೇಕು. ನಂತರ ಸಪ್ಲೈ ಆಫ್ ಮಾಡಿ, ಹಳದಿ ಮತ್ತು ಕಪ್ಪಿನ ನಡುವೆ ಬೈಕು-ಕಾರಿನ 12 ವೋಲ್ಟ್ ಬಲ್ಬೊಂದನ್ನು ಸೇರಿಸಿ, ಹಸಿರು-ಕಪ್ಪನ್ನು ಸಣ್ಣ ತುಂಡು ವೈರಿನಿಂದ ಜೋಡಿಸಿ ಮತ್ತೆ ಆನ್ ಮಾಡಬೇಕು. ಫ್ಯಾನು ತಿರುಗಿ ಬಲ್ಬು ಹತ್ತಿಕೊಳ್ಳುತ್ತದೆ. ಎಟಿಎಕ್ಸ್ ಮಾನಕ ಒಪ್ಪುವ ಏರುಪೇರು ಶೇಕಡಾ 5. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟಿನ ಒಳಗಿದ್ದರೆ ಡಬ್ಬಿ ಆರೋಗ್ಯವಾಗಿದೆ.

ಲೋಡು ಯಾಕೆ ಬೇಕು?

ಕೆಲವು ಹಳೆಯ ಡಬ್ಬಿಗಳು ಹೀಗೆ ಚಾಲೂ ಆದ ಕ್ಷಣದಲ್ಲೇ ನಿಂತುಬಿಡುತ್ತವೆ. ಇನ್ನು ಕೆಲವು ಓಡುತ್ತವೆ, ಆದರೆ 12 ವೋಲ್ಟ್ ಕಡೆ ಮೋಟರು ಸೇರಿಸಿದ ಕೂಡಲೇ ಅದು 11ರ ಹತ್ತಿರಕ್ಕೆ ಕುಸಿದು ಕೆಂಪು ವೈರಿನ 5 ವೋಲ್ಟ್ ಮೇಲಕ್ಕೇರುತ್ತದೆ. ಇದು ರೋಗವಲ್ಲ, ವಿನ್ಯಾಸವೇ ಹಾಗೆ. ಹಳೆಯ ಮಾದರಿಗಳಲ್ಲಿ 12 ಮತ್ತು 5 ವೋಲ್ಟು ಒಂದೇ ಟ್ರಾನ್ಸ್‌ಫಾರ್ಮರಿನಿಂದ ಬರುತ್ತವೆ, ನಿಯಂತ್ರಕ ಚಿಪ್ಪು ಎರಡನ್ನೂ ಒಟ್ಟಿಗೆ ಲೆಕ್ಕ ಹಿಡಿದು ಸರಾಸರಿಯನ್ನು ಕಾಯುತ್ತದೆ. ಕಂಪ್ಯೂಟರು ಎರಡರಿಂದಲೂ ಕರೆಂಟು ಎಳೆಯುತ್ತಿದ್ದುದರಿಂದ ಅಲ್ಲಿ ತೊಂದರೆಯಿರಲಿಲ್ಲ. ನಮ್ಮ ಮೇಜಿನಲ್ಲಿ ಒಂದೇ ಕಡೆ ಲೋಡು ಬಿದ್ದಾಗ ಆ ಸರಾಸರಿ ನಮಗೆ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ಕೆಂಪು ಮತ್ತು ಕಪ್ಪಿನ ನಡುವೆ ಕಾಯಂ ಆಗಿ ಒಂದು ಲೋಡು ಕೂರಿಸುವುದು ರೂಢಿ. ಅಂಗಡಿಯಲ್ಲಿ ಸಿಗುವ 10 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರು ಇದಕ್ಕೆ ಸಾಕು. 5 ವೋಲ್ಟಿಗೆ ಅದು ಎಳೆಯುವುದು 0.5 ಆಂಪಿಯರ್, ಶಾಖವಾಗುವುದು 2.5 ವ್ಯಾಟ್. ಎರಡೂವರೆ ವ್ಯಾಟಿಗೆ 10 ವ್ಯಾಟಿನದನ್ನೇ ಹಾಕುವುದು ಅದು ಮುಟ್ಟಲಾಗದಷ್ಟು ಕಾಯದಿರಲಿ ಎಂದು. ಆದರೂ ಅದನ್ನು ಫ್ಯಾನಿನ ಗಾಳಿ ತಾಗುವಲ್ಲಿ, ವೈರುಗಳಿಂದ ದೂರ ಕೂರಿಸಬೇಕು. ಈಚಿನ ಒಳ್ಳೆಯ ಡಬ್ಬಿಗಳಲ್ಲಿ ಮೊದಲು 12 ವೋಲ್ಟ್ ಮಾಡಿಕೊಂಡು ಅದರಿಂದ 5 ಮತ್ತು 3.3ನ್ನು ಬೇರೆ ಬೇರೆ ಸರ್ಕ್ಯೂಟುಗಳಲ್ಲಿ ತಯಾರಿಸುತ್ತಾರೆ. ಅಂಥವುಗಳಿಗೆ ಈ ಲೋಡಿನ ಅಗತ್ಯ ಬಹಳ ಕಡಿಮೆ.

ಇನ್ನೊಂದು ಸೂಕ್ಷ್ಮ ಕಿತ್ತಳೆ ವೈರಿನದು. ಅದರ ಒಂದು ಪಿನ್ನಿಗೆ ತೆಳುವಾದ ಎರಡನೇ ವೈರು ಸೇರಿರುತ್ತದೆ, ಸಾಮಾನ್ಯವಾಗಿ ಕಂದು ಬಣ್ಣದ್ದು. ಮದರ್‌ಬೋರ್ಡಿನ ಬಳಿ ನಿಜವಾಗಿ ಎಷ್ಟು ವೋಲ್ಟ್ ತಲುಪಿದೆ ಎಂದು ಡಬ್ಬಿ ಈ ವೈರಿನಿಂದ ತಿಳಿದುಕೊಳ್ಳುತ್ತದೆ. ಕನೆಕ್ಟರು ಕತ್ತರಿಸುವವರು ಈ ವೈರನ್ನು 3.3 ವೋಲ್ಟಿನ ಟರ್ಮಿನಲ್ಲಿಗೆ ಮರಳಿ ಸೇರಿಸಬೇಕು. ಬಿಟ್ಟರೆ ವೋಲ್ಟೇಜು ಹಾದಿ ತಪ್ಪುತ್ತದೆ ಅಥವಾ ಡಬ್ಬಿ ಆಫ್ ಆಗುತ್ತದೆ.

ಫ್ಯೂಸು ಬೇಕೇಬೇಕು

ಹೊಸಬರು ಮೋಸಹೋಗುವುದು ಇಲ್ಲಿ. ‘ಎಸ್‌ಎಂಪಿಎಸ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯಲ್ಲ, ಫ್ಯೂಸು ಯಾಕೆ?’ ಎಂಬ ಪ್ರಶ್ನೆ ಸಹಜ. ರಕ್ಷಣೆ ಇರುವುದು ನಿಜ. ಹಳದಿ-ಕಪ್ಪನ್ನು ನೇರವಾಗಿ ಮುಟ್ಟಿಸಿದರೆ ಡಬ್ಬಿ ಆ ಕ್ಷಣವೇ ನಿಲ್ಲುತ್ತದೆ, ಸ್ವಿಚ್ಚು ಆಫ್ ಮಾಡಿ ಮತ್ತೆ ಹಾಕುವವರೆಗೆ ಏಳುವುದಿಲ್ಲ. ಆದರೆ ಆ ರಕ್ಷಣೆಯನ್ನು ಇಟ್ಟಿರುವುದು ಕಂಪ್ಯೂಟರಿನ ಹಸಿವಿಗೆ ತಕ್ಕಂತೆ. 12 ವೋಲ್ಟಿನಲ್ಲಿ 15 ಆಂಪಿಯರ್ ಎಳೆದರೂ ಅದರ ಪಾಲಿಗೆ ಅದು ಮಾಮೂಲಿ ಕೆಲಸ.

ನಮ್ಮ ಸರ್ಕ್ಯೂಟಿನಲ್ಲಿ ಎಲ್ಲೋ ಎಡವಟ್ಟಾಗಿ ಒಟ್ಟು 1 ಓಮ್ ಅಡ್ಡಿಯಷ್ಟೇ ಉಳಿಯಿತೆನ್ನಿ. 12 ಆಂಪಿಯರ್ ಹರಿಯುತ್ತದೆ, 144 ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಾಮಾನ್ಯ ಸೋಲ್ಡರಿಂಗ್ ಐರನ್ನಿನದು 25 ವ್ಯಾಟ್. ಅದರ ಐದಾರು ಪಟ್ಟು ಶಾಖ ತೆಳುವಾದ ಜಂಪರ್ ವೈರಿನಲ್ಲೋ ಬ್ರೆಡ್‌ಬೋರ್ಡಿನಲ್ಲೋ ಹೊಮ್ಮುತ್ತಿರುವಾಗ ಡಬ್ಬಿ ಮಾತ್ರ ಏನೂ ಆಗದಂತೆ ಓಡುತ್ತಿರುತ್ತದೆ. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಲು ಅಷ್ಟು ಸಾಕು.

ಹಾಗಾಗಿ ಹೊರಬರುವ ಪ್ರತಿ ವೋಲ್ಟೇಜಿಗೂ ಒಂದೊಂದು ಫ್ಯೂಸು ಇರಲೇಬೇಕು. ಮಾಮೂಲಿ ಪ್ರಯೋಗಗಳಿಗೆ 3ರಿಂದ 5 ಆಂಪಿಯರಿನದು ಸಾಕು, ಮೈನಸ್ 12ಕ್ಕೆ ಅರ್ಧ ಆಂಪಿಯರಿಗಿಂತ ಹೆಚ್ಚಿನದು ಬೇಡ. ಹೆಚ್ಚು ಕರೆಂಟು ಬೇಕಾದವರು ಒಂದೇ ಬಣ್ಣದ ಹಲವು ವೈರುಗಳನ್ನು ಒಟ್ಟು ಸೇರಿಸಿಕೊಳ್ಳಬೇಕು. ಡಬ್ಬಿಯವರು ಒಂದೇ ಬಣ್ಣದ ವೈರುಗಳನ್ನು ಅಷ್ಟೊಂದು ಕೊಟ್ಟಿರುವುದು ಕರೆಂಟನ್ನು ಹಂಚಿಕೊಳ್ಳಲೆಂದೇ. ಒಂದು ಎಳೆಗೆ 5 ಆಂಪಿಯರ್ ಎಂದು ಲೆಕ್ಕ ಹಾಕಿಕೊಂಡರೆ ಸುರಕ್ಷಿತ.

ಮುಟ್ಟಿದರೆ ಜುಮ್ ಅನ್ನುವುದು ಯಾಕೆ?

ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ ಎಂದ ಅನುಭವ ನಮ್ಮಲ್ಲಿ ಬಹಳ ಮಂದಿಗಿದೆ. ಡಬ್ಬಿಯ ಒಳಬಾಗಿಲಲ್ಲಿ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ತಗಡಿಗೆ. ಸ್ವಿಚಿಂಗಿನಿಂದ ಹುಟ್ಟುವ ಗದ್ದಲ ಮನೆಯ ವೈರಿಂಗಿಗೆ ಹೋಗಿ ರೇಡಿಯೊ, ಟಿ.ವಿ.ಗೆ ತೊಂದರೆ ಕೊಡದಿರಲೆಂದು ಅದನ್ನು ಅರ್ಥಿಗೆ ಇಳಿಸುವುದು ಅವುಗಳ ಕೆಲಸ. ಅರ್ಥಿಂಗ್ ಇಲ್ಲದಿದ್ದರೆ ಆ ಎರಡರ ನಡುವೆ ಸಿಕ್ಕಿಕೊಂಡ ತಗಡು 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟು ಒಂದು ಮಿಲಿಆಂಪಿಯರಿಗಿಂತ ಕಡಿಮೆಯಾದ್ದರಿಂದ ಪ್ರಾಣಕ್ಕೆ ಕುತ್ತಿಲ್ಲ. ಆದರೆ ಒಳಗೆ ನಿಜವಾಗಿ ಫೇಸ್ ವೈರೇ ತಗಡಿಗೆ ತಾಗಿದ ದಿನ ನಮ್ಮನ್ನು ಕಾಯಬೇಕಾದದ್ದೂ ಅದೇ ಅರ್ಥಿಂಗ್. ಜುಮ್ ಎನ್ನುವ ಡಬ್ಬಿ ‘ನಿಮ್ಮ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ’ ಎಂದು ಹೇಳುತ್ತಿದೆ. ಮೂರನೇ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಅಭ್ಯಾಸ ಇಲ್ಲಿ ಖಂಡಿತ ಸಲ್ಲದು.

ಇದರಿಂದ ಹುಟ್ಟುವ ಇನ್ನೊಂದು ನಿಯಮವೂ ಇದೆ. ಕಪ್ಪು ವೈರು ಡಬ್ಬಿಯ ತಗಡಿಗೆ, ತಗಡು ಅರ್ಥಿಗೆ ಸೇರಿರುತ್ತದೆ. ಆದ್ದರಿಂದ 24 ವೋಲ್ಟ್ ಬೇಕೆಂದು ಎರಡು ಎಸ್‌ಎಂಪಿಎಸ್‌ಗಳನ್ನು ಬ್ಯಾಟರಿಗಳಂತೆ ಒಂದರ ಹಿಂದೆ ಒಂದು ಜೋಡಿಸಿದರೆ ಒಂದರ 12 ವೋಲ್ಟು ಅರ್ಥ್ ಮೂಲಕವೇ ಶಾರ್ಟ್ ಆಗುತ್ತದೆ.

ಡಬ್ಬಿ ಬಿಚ್ಚಬೇಡಿ

ಡಬ್ಬಿ ಬಿಚ್ಚಿ ಅದರ ಮೈಗೇ ಸಾಕೆಟ್ಟು ಕೂರಿಸುವ ಪದ್ಧತಿ ಜನಪ್ರಿಯ. ಕಲಿಯುವವರಿಗೆ ನಾನು ಅದನ್ನು ಸೂಚಿಸಲಾರೆ. 470 ಮೈಕ್ರೊಫ್ಯಾರಡಿನ ಎರಡು ಕೆಪಾಸಿಟರುಗಳು ಒಟ್ಟಾಗಿ 325 ವೋಲ್ಟ್ ಹಿಡಿದಿದ್ದರೆ ಅವುಗಳಲ್ಲಿರುವ ಶಕ್ತಿ ಸುಮಾರು 12 ಜೂಲ್. ಪ್ಲಗ್ ಕಿತ್ತ ಮೇಲೆ ಅದನ್ನು ನಿಧಾನವಾಗಿ ಖಾಲಿ ಮಾಡಲು ರೆಸಿಸ್ಟರುಗಳಿರುತ್ತವೆ, ಆದರೆ ಹಳೆ ಡಬ್ಬಿಯಲ್ಲಿ ಅವು ಕೆಟ್ಟಿಲ್ಲವೆಂಬ ಖಾತ್ರಿ ಯಾರು ಕೊಡಬೇಕು? ಅಲ್ಲದೆ ಡ್ರಿಲ್ ಮಾಡುವಾಗ ಉದುರಿದ ಒಂದು ಲೋಹದ ಚೂರು ಎಲ್ಲಿ ಕೂತು ಏನು ಮಾಡೀತೆಂದು ಹೇಳಲಾಗದು.

ಬಿಚ್ಚದೆಯೇ ಕೆಲಸ ಮುಗಿಸುವ ದಾರಿಯಿದೆ. 24 ಪಿನ್ನಿನ ಕನೆಕ್ಟರನ್ನು ನೇರವಾಗಿ ಚುಚ್ಚಿಕೊಳ್ಳುವ ಬ್ರೇಕ್‌ಔಟ್ ಬೋರ್ಡುಗಳು ಮಾರುಕಟ್ಟೆಯಲ್ಲಿವೆ. ಚಾಲೂ ಸ್ವಿಚ್ಚು, ಫ್ಯೂಸು, ಟರ್ಮಿನಲ್ಲು ಎಲ್ಲವೂ ಅದರಲ್ಲೇ ಇರುವಂಥದನ್ನು ಆರಿಸಿಕೊಳ್ಳಬಹುದು. ತಾವೇ ಮಾಡಿಕೊಳ್ಳುವವರು ಒಂದು ಪ್ಲಾಸ್ಟಿಕ್ ಅಥವಾ ಮರದ ಪೆಟ್ಟಿಗೆಯಲ್ಲಿ ಸ್ವಿಚ್ಚು, ಫ್ಯೂಸ್ ಹೋಲ್ಡರು, ಲೋಡ್ ರೆಸಿಸ್ಟರು, ಬಣ್ಣದ ಬನಾನಾ ಸಾಕೆಟ್ಟುಗಳನ್ನು ಕೂರಿಸಿ ಡಬ್ಬಿಯ ಪಕ್ಕದಲ್ಲಿಡಬಹುದು. ಬೂದು ವೈರಿಗೆ 330 ಓಮ್ ರೆಸಿಸ್ಟರಿನೊಂದಿಗೆ ಹಸಿರು ಎಲ್‌ಇಡಿ ಹಾಕಿದರೆ ‘ಎಲ್ಲ ಸರಿಯಿದೆ’ ಎಂಬ ದೀಪ ಸಿದ್ಧ. 12 ವೋಲ್ಟಿನ ಹಿಂದೆ ಒಂದು ಬಕ್ ಕನ್ವರ್ಟರ್ ಮಾಡ್ಯೂಲು ಸೇರಿಸಿದರೆ ಒಂದೂವರೆಯಿಂದ ಹತ್ತು ವೋಲ್ಟಿನವರೆಗೆ ಬೇಕಾದಲ್ಲಿಗೆ ತಿರುಗಿಸಿಕೊಳ್ಳಬಹುದು. ಕರೆಂಟಿಗೂ ಮಿತಿ ಹಾಕಬಲ್ಲ ಮಾಡ್ಯೂಲಾದರೆ ಪ್ರಯೋಗಕ್ಕೆ ಇನ್ನೂ ಒಳ್ಳೆಯದು.

ಯಾವುದಕ್ಕೆ ಹೊಂದದು?

ಮೀಟರಿಗೆ 5 ವ್ಯಾಟ್ ಬೇಡುವ ಎಲ್‌ಇಡಿ ಪಟ್ಟಿ ಐದು ಮೀಟರಿದ್ದರೆ ಬೇಕಾದದ್ದು ಸುಮಾರು 2 ಆಂಪಿಯರ್. ಇಂಥ ಕೆಲಸ, ಮೋಟರು, ಪುಟ್ಟ ಪಂಪು, ರೋಬೊಟ್, ಮೈಕ್ರೊಕಂಟ್ರೋಲರ್ ಯಾವುದಕ್ಕೂ ಈ ಡಬ್ಬಿ ಧಾರಾಳ. ಆದರೆ ಇದರ 12 ವೋಲ್ಟಿನಿಂದ 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ತುಂಬಲು 13.8 ವೋಲ್ಟಿನ ಆಸುಪಾಸು ಬೇಕು. ಬದಲಿಗೆ ಬ್ಯಾಟರಿಯೇ ಡಬ್ಬಿಯೊಳಗೆ ಕರೆಂಟು ನೂಕೀತು. ಸೂಕ್ಷ್ಮ ರೇಡಿಯೊ ರಿಸೀವರು, ಮೈಕ್ರೊಫೋನ್ ಪ್ರಿಆಂಪ್ಲಿಫೈಯರುಗಳಿಗೂ ಇದು ಹೇಳಿಸಿದ್ದಲ್ಲ. 12 ವೋಲ್ಟಿನ ಮೇಲೆ 120 ಮಿಲಿವೋಲ್ಟಿನವರೆಗೆ ಅಲೆಯಿರಲು ಮಾನಕವೇ ಒಪ್ಪುತ್ತದೆ. ಕಂಪ್ಯೂಟರಿಗೆ ಅದು ಲೆಕ್ಕಕ್ಕಿಲ್ಲ, ಕ್ಷೀಣ ಸಿಗ್ನಲ್ ಹಿಡಿಯುವ ಸರ್ಕ್ಯೂಟಿಗೆ ಅದು ಗದ್ದಲ. ಹಾಗೆಯೇ 5 ವ್ಯಾಟಿನ ದೀಪವೊಂದನ್ನು ದಿನವಿಡೀ ಉರಿಸಲು 400 ವ್ಯಾಟಿನ ಡಬ್ಬಿ ಹಚ್ಚಿಡುವುದು ಉಳಿತಾಯವಲ್ಲ. ಅಷ್ಟು ಕಡಿಮೆ ಲೋಡಿನಲ್ಲಿ ಅದರ ದಕ್ಷತೆ ಬಹಳ ಇಳಿಯುತ್ತದೆ.

ಉಳಿಸಿದರೆ ಯಾರಿಗೆ ಲಾಭ?

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಲೋಕದಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಬಯಲಿನಲ್ಲಿ ಸುಡುವವರ ಕೈಸೇರುತ್ತದೆ. ಎಸ್‌ಎಂಪಿಎಸ್‌ನ ವೈರುಗಳನ್ನು ತಾಮ್ರಕ್ಕಾಗಿ ಹಾಗೆ ಸುಟ್ಟಾಗ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್‌ನಂಥ ವಿಷ ಏಳುತ್ತದೆ. ಅದನ್ನು ಮೊದಲು ಉಸಿರಾಡುವವರು ಆ ಕೂಲಿ ಮಾಡುವ ಬಡವರೇ. ಡಬ್ಬಿಯೊಂದು ಇನ್ನೂ ಐದಾರು ವರ್ಷ ಕೆಲಸದಲ್ಲಿದ್ದರೆ ಅದರ ತಾಮ್ರ, ಫೆರೈಟ್, ಅಲ್ಯುಮಿನಿಯಂ ಅಗೆದು ತೆಗೆಯಲು ಸುರಿದ ಶಕ್ತಿ ಅಷ್ಟರಮಟ್ಟಿಗೆ ಸಾರ್ಥಕವಾಗುತ್ತದೆ. ಪೂರ್ತಿ ಕೆಟ್ಟ ದಿನ ಅದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಬೇಕು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಇದಕ್ಕಿಂತ ದೊಡ್ಡ ಲಾಭ ಕಲಿಕೆಯದು. ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬುಗಳಲ್ಲಿ, ಐಟಿಐ ಮತ್ತು ಡಿಪ್ಲೊಮಾ ಕಾಲೇಜುಗಳಲ್ಲಿ ಹತ್ತಾರು ಮಕ್ಕಳು ಒಂದೇ ಪವರ್ ಸಪ್ಲೈಗೆ ಸರದಿ ಕಾಯುವಂತಾಗಬಾರದು. ಚೀಟಿ ಓದುವುದು, ವೋಲ್ಟೇಜು ಅಳೆಯುವುದು, ಲೋಡಿನ ಲೆಕ್ಕ ಹಾಕುವುದು, ಫ್ಯೂಸು ಆರಿಸುವುದು, ಅರ್ಥಿಂಗ್ ಪರೀಕ್ಷಿಸುವುದು, ಓಮ್ ನಿಯಮದಿಂದ ವಿದ್ಯುತ್ ಸುರಕ್ಷತೆಯವರೆಗಿನ ಪಾಠವೆಲ್ಲ ಈ ಒಂದು ಡಬ್ಬಿಯ ಸುತ್ತ ಮುಗಿಯುತ್ತದೆ. ನಿಮ್ಮ ಮನೆಯ ಅಟ್ಟದಲ್ಲೋ ಅಂಗಡಿಯ ಮೂಲೆಯಲ್ಲೋ ಹಳೆ ಕಂಪ್ಯೂಟರಿದ್ದರೆ ಅದರ ಎಸ್‌ಎಂಪಿಎಸ್ ಅನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಸರಿಯಿದ್ದರೆ ಹತ್ತಿರದ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಕೊಡಿ. ಫ್ಯೂಸು ಮತ್ತು ಅರ್ಥಿಂಗಿನ ಮಾತನ್ನೂ ಮರೆಯದೆ ಜೊತೆಗೆ ಹೇಳಿ.